ಕಾಯಕದಿಂದ ಇಳಿಸುವ ಕಾರಣ

ಒಬ್ಬನಿಗೆ ಕಾಯಕವನ್ನು ಒಪ್ಪಿಸುವುದು ಸುಲಭ. ಒಪ್ಪಿಸಿದ ಕಾಯಕದಿಂದ ಅವನನ್ನು ಇಳಿಸುವುದು ಕಠಿನ. ಒಪ್ಪಿಸುವ ದಿನ ಹರ್ಷವೂ ಹಾರೈಕೆಯೂ ಇರುತ್ತವೆ. ಇಳಿಸುವ ದಿನ ಸಂಶಯ, ಸಂಕೋಚ, ಕೆಲವೊಮ್ಮೆ ಸಿಟ್ಟು ಇರುತ್ತವೆ. ಕೆಲಸದಿಂದ ವಜಾ ಆದವನು ಸಂಬಳವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯುವ ಬಲವನ್ನೂ ಕಳೆದುಕೊಳ್ಳುತ್ತಾನೆ. ಕಾಯಕವನ್ನು ಬರಿಯ ಹೊಟ್ಟೆಯ ಪಾಡೆಂದು ಬಗೆಯದೆ ಶಿವಪೂಜೆಯ ಸಮಕ್ಕೆ ನಿಲ್ಲಿಸಿದ ಶರಣಧರ್ಮದಲ್ಲಿ ಒಬ್ಬನ ಕೈಯಿಂದ ಕಾಯಕವನ್ನು ತೆಗೆಯುವುದು ಅವನ ಪೂಜೆಯನ್ನು ತಡೆದಷ್ಟೇ ಗುರುತರವಾದ ಕಾರ್ಯ. ಆದುದರಿಂದ ಯಾವ ಕಾರಣಕ್ಕೆ ಅದನ್ನು ಮಾಡಬಹುದೆಂಬ ಪ್ರಶ್ನೆ ಕಾಯಿದೆಯ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಅಹುದು.

ಈ ಪ್ರಶ್ನೆ ದೊಡ್ಡ ಕಂಪನಿಗಳ ಒಡೆಯರಿಗೆ ಮಾತ್ರ ಸಂಬಂಧಿಸಿದುದೆಂದು ಗೃಹಸ್ಥರು ಭಾವಿಸಬೇಕಾಗಿಲ್ಲ. ಗದಗು ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಹಕಾರ ಸಂಘವು ಹುಟ್ಟಿದಂದಿನಿಂದ ಈ ನಾಡಿನ ಊರೂರುಗಳಲ್ಲಿ ಸಂಘಗಳು, ಬ್ಯಾಂಕುಗಳು, ವಿದ್ಯಾಸಂಸ್ಥೆಗಳು ಬೆಳೆದಿವೆ. ಅವುಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರು ಒಕ್ಕಲಿಗರು, ವರ್ತಕರು, ಉಪಾಧ್ಯಾಯರು. ದಿನವೂ ಇಷ್ಟಲಿಂಗವನ್ನು ಪೂಜಿಸುವ ಸಾಮಾನ್ಯ ಭಕ್ತರು. ಕಾರ್ಯದರ್ಶಿಯನ್ನಾಗಲಿ, ವ್ಯವಸ್ಥಾಪಕನನ್ನಾಗಲಿ, ಪ್ರಾಚಾರ್ಯನನ್ನಾಗಲಿ ಬಿಡಿಸಬೇಕಾದ ಪ್ರಸಂಗ ಇಂದಲ್ಲ ನಾಳೆ ಅವರ ಮುಂದೆ ಬಂದೇ ಬರುತ್ತದೆ. ಆಗ ಅವರು ಠರಾವಿನಲ್ಲಿ ಬರೆಯುವ ಕಾರಣವು ನಿಜವಾದ ಕಾರಣವಾಗಿರುತ್ತದೆಯೇ? ವಿಚಾರಿಸಬೇಕಾದ ವಿಷಯವು ಇಷ್ಟೇ.

ಮುಖ್ಯಾಧಿಕಾರಿಗಳ ನೇಮಕದ ಕರಾರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಗಲಿಕೆಗಳನ್ನು ಹೇಳಿರುತ್ತಾರೆ. ಮೊದಲನೆಯದು ದೋಷದ ಕಾರಣದಿಂದ ಮಾಡುವ ವಜಾ. ಎರಡನೆಯದು ದೋಷವಿಲ್ಲದ ಬಿಡುಗಡೆ. ವಂಚನೆ, ಸಂಸ್ಥೆಯ ಹಣದ ದುರುಪಯೋಗ, ನೀತಿಗೆಟ್ಟ ಅಪರಾಧಕ್ಕಾಗಿ ಶಿಕ್ಷೆ, ಬೇಕೆಂದೇ ಮಾಡಿದ ಕರ್ತವ್ಯಲೋಪ, ಘೋರವಾದ ಅಜಾಗರೂಕತೆ, ಕರಾರಿನ ಮುಖ್ಯ ಷರತ್ತಿನ ಭಂಗ, ಸಂಸ್ಥೆಯ ನಡವಳಿಕೆಯ ನಿಯಮಗಳ ಗಂಭೀರ ಉಲ್ಲಂಘನೆ—ಇವು ಮೊದಲನೆಯ ಬಗೆಗೆ ಸೇರಿದ ಕಾರಣಗಳು. ತಿದ್ದಿಕೊಳ್ಳಬಹುದಾದ ತಪ್ಪಾಗಿದ್ದರೆ ಲಿಖಿತ ತಿಳಿವಳಿಕೆಯನ್ನು ಕೊಟ್ಟು, ತಿದ್ದಿಕೊಳ್ಳಲು ಇಂತಿಷ್ಟು ದಿನಗಳ ಅವಕಾಶವನ್ನು ಕೊಡಬೇಕೆಂಬ ಷರತ್ತೂ ಹಲವು ಕರಾರುಗಳಲ್ಲಿ ಉಂಟು. ದೋಷದ ಕಾರಣದಿಂದ ವಜಾ ಆದವನಿಗೆ ಮುಂದೆ ಬರಬೇಕಾಗಿದ್ದ ಪರಿಹಾರದ ಹಣವೂ ಷೇರುಗಳ ಹಕ್ಕೂ ಬಹುಮಟ್ಟಿಗೆ ತಪ್ಪಿಹೋಗುತ್ತವೆ. ದೋಷವಿಲ್ಲದೆ ಬಿಡುಗಡೆ ಹೊಂದಿದವನಿಗೆ ಅವೆಲ್ಲ ಸಲ್ಲುತ್ತವೆ. ಒಂದು ಮಾತಿನ ಮೇಲೆ ಕೋಟಿಗಟ್ಟಲೆ ಹಣ ನಿಂತಿರುವುದರಿಂದ ಆ ಮಾತನ್ನು ತಿರುಚುವ ಆಸೆ ಎರಡು ಕಡೆಗೂ ಹುಟ್ಟುತ್ತದೆ. ಹಣ ಉಳಿಸುವ ಆಸೆಗೆ ಬಿದ್ದವರು ಇಲ್ಲದ ದೋಷವನ್ನು ಹೊರಿಸುತ್ತಾರೆ. ಗದ್ದಲಕ್ಕೆ ಅಂಜಿದವರು ಇರುವ ದೋಷವನ್ನು ಮುಚ್ಚುತ್ತಾರೆ. ಮೇಲ್ನೋಟಕ್ಕೆ ಒಂದು ಕಾಠಿನ್ಯ, ಇನ್ನೊಂದು ಔದಾರ್ಯ. ಶರಣರ ಅಳತೆಗೋಲಿನಲ್ಲಿ ಎರಡೂ ಹುಸಿಯೇ.

ಅಧಿಕಾರಿಯ ಮೇಲೆ ಆಪಾದನೆ ಬರುವುದು ಇಂದಿನ ಮಾತಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ರಾಜಾಧಿಕಾರಿಗಳು. ಭಂಡಾರದ ಹೊನ್ನನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂದು ಕೊಂಡೆಯರು ದೊರೆಯ ಕಿವಿಯಲ್ಲಿ ಊದಿದರೆಂದೂ, ದೊರೆ ಲೆಕ್ಕವನ್ನು ಕೇಳಿದನೆಂದೂ, ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹೊನ್ನೂ ಕೊರತೆಯಾಗಿರಲಿಲ್ಲವೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಭಕ್ತರು ಈ ಕಥೆಯಲ್ಲಿ ಪವಾಡವನ್ನು ಕಾಣುವುದು ಸಹಜ. ಆದರೆ ಇದರಲ್ಲಿ ಆಡಳಿತದ ನೀತಿಯೊಂದೂ ಅಡಗಿದೆ. ಆಪಾದನೆ ಬಂದ ಮಾತ್ರಕ್ಕೆ ಮುದ್ರೆಯನ್ನು ಕಸಿದುಕೊಳ್ಳಲಿಲ್ಲ. ಮೊದಲು ಎಣಿಕೆ ನಡೆಯಿತು. ಆಪಾದಿತರೂ ತಮ್ಮ ಭಕ್ತಿಯ ಹಿರಿಮೆಯನ್ನು ಮುಂದುಮಾಡಿ ಲೆಕ್ಕ ಕೊಡಲು ಒಲ್ಲೆನೆನ್ನಲಿಲ್ಲ. ಭಂಡಾರದ ಬಾಗಿಲನ್ನು ತೆರೆದು ತೋರಿಸಿದರು. ಇಳಿಸುವವನು ಕಿವಿಮಾತನ್ನು ನಂಬದೆ ಲೆಕ್ಕವನ್ನು ನೋಡಬೇಕು. ಅಧಿಕಾರದಲ್ಲಿರುವವನು ಲೆಕ್ಕವನ್ನು ತೋರಿಸಲು ಸದಾ ಸಿದ್ಧನಾಗಿರಬೇಕು. ಸರ್ಕಾರದ ನೌಕರನನ್ನು ವಿಚಾರಣೆಯಿಲ್ಲದೆ, ಆಪಾದನೆಯನ್ನು ತಿಳಿಸದೆ, ಉತ್ತರಕ್ಕೆ ತಕ್ಕ ಅವಕಾಶ ಕೊಡದೆ ವಜಾ ಮಾಡಲಾಗದೆಂದು ಭಾರತದ ಸಂವಿಧಾನದ 311ನೆಯ ವಿಧಿ ಸಾಮಾನ್ಯ ನಿಯಮವಾಗಿ ಹೇಳಿರುವುದೂ ಇದೇ ಜಾಡಿನ ಮಾತು.

ಇಲ್ಲದ ದೋಷವನ್ನು ಹೊರಿಸುವ ಆಸೆಯನ್ನು ಗೆಲ್ಲುವುದು ಹೇಗೆಂಬುದಕ್ಕೆ ಅಮೆರಿಕದ ಡಿಸ್ನಿ ಕಂಪನಿಯ ಪ್ರಕರಣವೊಂದು ವಿಚಾರಯೋಗ್ಯವಾಗಿದೆ. ಚಲನಚಿತ್ರಗಳಿಗೂ ವಿನೋದವಿಹಾರಗಳಿಗೂ ಹೆಸರಾದ ಆ ಕಂಪನಿಯ ಮುಖ್ಯಸ್ಥರಾಗಿದ್ದ ಮೈಕೆಲ್ ಐಸ್ನರ್ ಅವರು ತಮ್ಮ ಬಹುಕಾಲದ ಗೆಳೆಯರಾದ ಮೈಕೆಲ್ ಓವಿಟ್ಸ್ ಅವರನ್ನು ಕಂಪನಿಯ ಅಧ್ಯಕ್ಷಪದವಿಗೆ ಕರೆತಂದರು. ಓವಿಟ್ಸರು ನಟರ, ನಿರ್ದೇಶಕರ ಪರವಾಗಿ ವ್ಯವಹಾರ ನಡೆಸುವ ದೊಡ್ಡ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದವರು. 1995ರ ಅಕ್ಟೋಬರಿನಲ್ಲಿ ಐದು ವರ್ಷಗಳ ಕರಾರಿನ ಮೇಲೆ ಕೆಲಸಕ್ಕೆ ಸೇರಿದ ಅವರು 1996ರ ಡಿಸೆಂಬರಿನಲ್ಲಿ, ಹದಿನಾಲ್ಕೇ ತಿಂಗಳಲ್ಲಿ, ಹೊರನಡೆಯಬೇಕಾಯಿತು. ಸ್ವತಂತ್ರವಾಗಿ ಆಳಿದವರಿಗೆ ಮತ್ತೊಬ್ಬರ ಅಡಿಯಲ್ಲಿ ದುಡಿಯುವುದು ಒಗ್ಗಲಿಲ್ಲ. ಎಲ್ಲ ಅಧಿಕಾರಿಗಳೂ ಒಂದೇ ಬಸ್ಸಿನಲ್ಲಿ ಹೋಗುವಾಗ ಇವರು ಬೇರೆ ಮೋಟಾರಿನಲ್ಲಿ ಹೋದರೆಂಬಂತಹ ಸಣ್ಣ ಮಾತುಗಳೂ ಮುಂದೆ ನ್ಯಾಯಾಲಯದ ಸಾಕ್ಷ್ಯದಲ್ಲಿ ಬಂದವು. ಆದರೆ ದೋಷವಿಲ್ಲದೆ ಬಿಡಿಸಿದರೆ ಕೊಡಬೇಕಾಗಿದ್ದ ಮೊತ್ತವು ಹಣ ಮತ್ತು ಷೇರುಗಳ ಹಕ್ಕು ಸೇರಿ ಸುಮಾರು 13 ಕೋಟಿ ಡಾಲರು!

ಕರಾರಿನ ಪ್ರಕಾರ ಈ ಹಣವನ್ನು ಉಳಿಸಲು ಇದ್ದುದು ಒಂದೇ ದಾರಿ. ಓವಿಟ್ಸರು ಘೋರ ಅಜಾಗರೂಕತೆಯನ್ನಾಗಲಿ ದುರಾಚಾರವನ್ನಾಗಲಿ ಮಾಡಿದ್ದಾರೆಂದು ತೋರಿಸಬೇಕಾಗಿತ್ತು. ಹಾಗೆ ವಜಾ ಮಾಡಬಹುದೇ ಎಂದು ಐಸ್ನರ್ ಅವರು ಕಂಪನಿಯ ಕಾನೂನು ಸಲಹೆಗಾರರಾದ ಸ್ಯಾನ್‌ಫರ್ಡ್ ಲಿಟ್‌ವ್ಯಾಕ್ ಅವರನ್ನು ಕೇಳಿದರು. ಅಂತಹ ಕಾರಣವೇನೂ ಇಲ್ಲವೆಂಬುದು ಲಿಟ್‌ವ್ಯಾಕರ ಅಭಿಪ್ರಾಯವಾಗಿತ್ತು. ಅಷ್ಟೇ ಅಲ್ಲ, ವಜಾ ಮಾಡುತ್ತೇವೆಂದು ಬೆದರಿಸಿ ಕಡಮೆ ಹಣಕ್ಕೆ ಒಪ್ಪಿಸುವುದು ಕೂಡ ಅನೀತಿಯೆಂದೂ, ಅದರಿಂದ ಕೊಟ್ಟ ಮಾತಿಗೆ ನಡೆಯುವ ಸಂಸ್ಥೆಯೆಂಬ ಹೆಸರು ಕೆಡುವುದೆಂದೂ ಅವರು ತಿಳಿದಿದ್ದರು. ಹಣ ಸಂದಾಯವಾಯಿತು. ಷೇರುದಾರರು ಸಿಟ್ಟಿಗೆದ್ದು ನಿರ್ದೇಶಕರ ಮೇಲೆ ದಾವೆ ಹೂಡಿದರು. ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯದ ಮುಖ್ಯರಾದ ವಿಲಿಯಂ ಚಾಂಡ್ಲರ್ ಅವರು 37 ದಿನಗಳ ವಿಚಾರಣೆ ನಡೆಸಿ 2005ರ ಆಗಸ್ಟಿನಲ್ಲಿ ತೀರ್ಪನ್ನಿತ್ತರು. 2006ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಓವಿಟ್ಸರನ್ನು ದೋಷದ ಕಾರಣದಿಂದ ವಜಾ ಮಾಡುವಂತಹ ನಡತೆ ಅವರಲ್ಲಿ ಕಂಡುಬರಲಿಲ್ಲವೆಂಬುದು ನ್ಯಾಯಾಲಯದ ನಿರ್ಣಯ.

ಹದಿನಾಲ್ಕು ತಿಂಗಳ ನಿಷ್ಫಲವಾದ ಕೆಲಸಕ್ಕೆ 13 ಕೋಟಿ ಡಾಲರೆಂದರೆ ದಾಸೋಹಧರ್ಮವನ್ನು ಬಲ್ಲ ಭಕ್ತನ ಮನಸ್ಸು ಮುದುಡುವುದು ನ್ಯಾಯವೇ. ಸಂಪತ್ತು ಸಮಾಜದ್ದೆಂದೂ, ದುಡಿದವನು ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಸಮಾಜಕ್ಕೆ ಸಲ್ಲಿಸಬೇಕೆಂದೂ ತಿಳಿದವನಿಗೆ ಇದು ಒಪ್ಪುವ ಲೆಕ್ಕವಲ್ಲ. ಆದರೆ ಈ ಅನ್ಯಾಯವು ಹುಟ್ಟಿದುದು ಎಲ್ಲಿ? ಬಿಡಿಸಿದ ದಿನದಲ್ಲಲ್ಲ, ನೇಮಿಸಿದ ದಿನದಲ್ಲಿ. ಇಷ್ಟು ಭಾರವಾದ ಕರಾರಿನ ಮುಖ್ಯಾಂಶಗಳನ್ನು ಸಂಬಂಧಪಟ್ಟ ಸಮಿತಿಯು ಬೇರೆ ವಿಷಯಗಳ ಜೊತೆಗೆ ಸುಮಾರು ಒಂದು ಗಂಟೆಯ ಸಭೆಯಲ್ಲಿ ಮುಗಿಸಿತ್ತು. ನಿರ್ದೇಶಕರು ಕಾಯಿದೆಯನ್ನು ಮೀರಲಿಲ್ಲವೆಂದು ಹೇಳಿದ ನ್ಯಾಯಾಧೀಶರೇ, ಆದರ್ಶ ಆಡಳಿತದ ಮಟ್ಟಕ್ಕೆ ಅವರ ನಡೆ ಏರಲಿಲ್ಲವೆಂದೂ ಹೇಳದೆ ಬಿಡಲಿಲ್ಲ. ಗೆಳೆತನದ ಮಬ್ಬಿನಲ್ಲಿ, ಅವಸರದಲ್ಲಿ ಕೊಟ್ಟ ಮಾತಿನ ಫಲವನ್ನು ಮಾತು ಕೊಟ್ಟವನು ಉಣ್ಣಬೇಕೇ ಹೊರತು, ಪಡೆದವನನ್ನು ಅಪರಾಧಿಯೆಂದು ಸಾರಿ ತಪ್ಪಿಸಿಕೊಳ್ಳಬಾರದು. ಹೊಂದಿಕೆಯಾಗದಿರುವುದು ಸೋಲು. ಸೋಲು ಬೇರೆ, ಪಾಪ ಬೇರೆ. ನೇಯ್ಗೆ ಬಾರದವನನ್ನು ಮಗ್ಗದಿಂದ ಏಳಿಸಬಹುದು. ನೂಲನ್ನು ಕದ್ದನೆಂದು ಅವನ ಮೇಲೆ ಹೇಳಲಾಗದು.

ಇನ್ನು ಇರುವ ದೋಷವನ್ನು ಮುಚ್ಚುವ ಆಸೆ. ಇದಕ್ಕೆ ನಿದರ್ಶನವೂ ಅಮೆರಿಕದಲ್ಲಿಯೇ ದೊರೆಯುತ್ತದೆ. ಮೆಕ್‌ಡೊನಾಲ್ಡ್ಸ್ ಎಂಬ ಉಪಾಹಾರದ ಕಂಪನಿಗೆ 2015ರಲ್ಲಿ ಸ್ಟೀವ್ ಈಸ್ಟರ್‌ಬ್ರುಕ್ ಅವರು ಮುಖ್ಯ ಕಾರ್ಯನಿರ್ವಾಹಕರಾದರು. ಕೈಕೆಳಗಿನ ನೌಕರರೊಡನೆ ಪ್ರಣಯಸಂಬಂಧವನ್ನು ಇಟ್ಟುಕೊಳ್ಳಬಾರದೆಂಬುದು ಕಂಪನಿಯ ನಿಯಮ. 2019ರ ಶರತ್ಕಾಲದಲ್ಲಿ ಅವರು ಒಬ್ಬ ನೌಕರಳೊಡನೆ ಅಂತಹ ಸಲುಗೆ ಬೆಳೆಸಿದ್ದರೆಂಬುದು ಬೆಳಕಿಗೆ ಬಂದಿತು. ಬೇರೆ ಯಾರೊಡನೆಯೂ ಅಂತಹ ಸಂಬಂಧವಿಲ್ಲವೆಂದು ಅವರು ಹೇಳಿದರು. ಮಂಡಳಿಯು ಅವರ ಮಾತನ್ನು ನಂಬಿತು; ವಿಚಾರಣೆಯನ್ನು ಚುಟುಕಾಗಿ ಮುಗಿಸಿ, ನವೆಂಬರಿನಲ್ಲಿ ಅವರನ್ನು ಇಳಿಸಿತು. ನಿಯಮಭಂಗವಾಯಿತೆಂದು ಜನರಿಗೆ ಹೇಳಿದ ಮಂಡಳಿಯೇ ಕರಾರಿನ ದೃಷ್ಟಿಯಿಂದ ಅದನ್ನು ದೋಷವಿಲ್ಲದ ಬಿಡುಗಡೆಯೆಂದು ಬರೆಯಿತು. ಅದರಿಂದಾಗಿ ಇಲ್ಲವಾಗಬೇಕಾಗಿದ್ದ 4 ಕೋಟಿ ಡಾಲರಿಗೂ ಮಿಕ್ಕಿದ ಷೇರುಗಳ ಹಕ್ಕು ಅವರಿಗೆ ಉಳಿಯಿತು.

ಮರುವರ್ಷ, 2020ರ ಜುಲೈಯಲ್ಲಿ, ಹೊಸ ದೂರೊಂದು ಬಂದಿತು. ಮತ್ತೆ ವಿಚಾರಿಸಿದಾಗ, ಇನ್ನೂ ಮೂವರು ನೌಕರರೊಡನೆ ಅವರಿಗೆ ಸಂಬಂಧವಿದ್ದಿತೆಂದೂ, ಅವರಲ್ಲಿ ಒಬ್ಬರಿಗೆ ಷೇರುಗಳ ಕೊಡುಗೆಯನ್ನು ಮಂಜೂರು ಮಾಡಿದ್ದರೆಂದೂ ಕಂಪನಿಯು ಹೇಳಿತು. ಅವರ ಫೋನಿನಿಂದ ಅಳಿಸಿಹೋಗಿದ್ದ ಸಾಕ್ಷ್ಯವು ಕಂಪನಿಯ ಯಂತ್ರಗಳಲ್ಲಿ ಹಾಗೆಯೇ ಉಳಿದಿತ್ತು. ಕಂಪನಿಯು ಆಗಸ್ಟಿನಲ್ಲಿ ದಾವೆ ಹೂಡಿತು. 2021ರ ಡಿಸೆಂಬರಿನಲ್ಲಿ ರಾಜಿಯಾಗಿ ಈಸ್ಟರ್‌ಬ್ರುಕ್ ಅವರು 10.5 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಹಣವನ್ನೂ ಷೇರುಗಳನ್ನೂ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. 2023ರ ಜನವರಿಯಲ್ಲಿ ಅಲ್ಲಿಯ ಷೇರು ವ್ಯವಹಾರದ ನಿಯಂತ್ರಣಾಯೋಗವು ಅವರಿಗೆ 4 ಲಕ್ಷ ಡಾಲರು ದಂಡವನ್ನು ವಿಧಿಸಿ, ಐದು ವರ್ಷಗಳ ಕಾಲ ಸಾರ್ವಜನಿಕ ಕಂಪನಿಗಳ ಅಧಿಕಾರಿಯಾಗದಂತೆ ತಡೆಯಿತು. ಆಯೋಗದ ನಿಷ್ಕರ್ಷೆಗಳನ್ನು ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆಯೋಗವು ಕಂಪನಿಯಲ್ಲಿಯೂ ತಪ್ಪನ್ನು ಕಂಡಿತು. ಈ ಅಗಲಿಕೆಯನ್ನು ದೋಷವಿಲ್ಲದ ಬಿಡುಗಡೆಯೆಂದು ಎಣಿಸಿದುದು ಮಂಡಳಿಯ ವಿವೇಚನೆಯಿಂದಲೇ ಎಂಬುದನ್ನು ಷೇರುದಾರರಿಗೆ ಕಂಪನಿ ತಿಳಿಸಿರಲಿಲ್ಲ. ತನಿಖೆಗೆ ನೆರವಾದುದರಿಂದ ಕಂಪನಿಗೆ ದಂಡವಾಗಲಿಲ್ಲ. ತಪ್ಪು ಮಾಡಿದವನ ನುಡಿ ಪ್ರಶ್ನೆಗೊಳಗಾದಂತೆಯೇ ಅವನನ್ನು ಇಳಿಸಿದವರ ನುಡಿಯೂ ಪ್ರಶ್ನೆಗೊಳಗಾಯಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ದಯೆಯೇ ಧರ್ಮದ ಬುಡವೆಂದು ಸಾರಿದ ಶರಣರ ಮಾರ್ಗದಲ್ಲಿ, ಜಾರಿ ಬಿದ್ದವನ ತಪ್ಪನ್ನು ಎತ್ತಿ ಆಡುವುದೇಕೆ? ಮೆಲ್ಲನೆ ಬೀಳ್ಕೊಟ್ಟರೆ ಅವನ ಹೆಂಡಿರು ಮಕ್ಕಳ ಮಾನ ಉಳಿಯದೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ದಯೆ ಯಾರ ಮೇಲೆ ಎಂಬುದನ್ನು ಕೇಳಬೇಕು. ಒಡೆಯನ ಅಧಿಕಾರಕ್ಕೆ ಅಂಜಿ ಬಾಯಿ ಬಿಡಲಾರದ ಕೈಕೆಳಗಿನವರು ದಯೆಗೆ ಹೊರಗಿನವರೇ? ತಮ್ಮ ಉಳಿತಾಯವನ್ನು ನಂಬಿ ಇಟ್ಟ ಷೇರುದಾರರು ಹೊರಗಿನವರೇ? ಅದೇ ಅಧಿಕಾರಿಯನ್ನು ಏನೂ ಅರಿಯದೆ ನಾಳೆ ನೇಮಿಸಿಕೊಳ್ಳುವ ಮತ್ತೊಂದು ಸಂಸ್ಥೆ ಹೊರಗಿನದೇ? ದಯೆಯು ದಂಡವನ್ನು ಹಗುರ ಮಾಡಬಹುದು. ತಪ್ಪಿನ ವಿವರವನ್ನು ಬೀದಿಯಲ್ಲಿ ಡಂಗುರ ಹೊಡೆಯದಂತೆ ತಡೆಯಬಹುದು. ಕಷ್ಟದಲ್ಲಿರುವ ಸಂಸಾರಕ್ಕೆ ಕೆಲವು ಕಾಲ ಆಸರೆ ಕೊಡಬಹುದು. ದೋಷವನ್ನು ನಿರ್ದೋಷವೆಂದು ಬರೆಯುವ ಅಧಿಕಾರ ಮಾತ್ರ ದಯೆಗಿಲ್ಲ. ಹಾಗೆ ಬರೆದ ಮಂಡಳಿಯ ಮನಸ್ಸನ್ನು ಸೋಸಿ ನೋಡಿದರೆ ಅಲ್ಲಿ ದಯೆಗಿಂತ ಗದ್ದಲದ ಅಂಜಿಕೆಯೇ ಹೆಚ್ಚಾಗಿ ಕಾಣುವುದುಂಟು.

ದಯೆಗೂ ಸತ್ಯಕ್ಕೂ ಜಗಳವಿಲ್ಲವೆಂಬುದನ್ನು ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆ ತೋರಿಸುತ್ತದೆ. ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು, ಇದು ನಿತ್ಯದ ಕಾಯಕದ ಫಲವಲ್ಲ, ಆಸೆಯ ಫಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹಿದರು. ಗಂಡನೆಂದು ಅವರು ಸುಮ್ಮನಿರಲಿಲ್ಲ. ತಪ್ಪಾಯಿತೆಂದು ಕಳ್ಳನೆಂಬ ಹೆಸರಿಡಲೂ ಇಲ್ಲ. ಆಸೆಯನ್ನು ಆಸೆಯೆಂದೇ ಕರೆದರು. ತಿದ್ದಿಕೊಳ್ಳುವ ದಾರಿಯನ್ನು ತೋರಿದರು. ಮಾರಯ್ಯನವರು ತಿದ್ದಿಕೊಂಡರು, ಅವರ ಕಾಯಕವೂ ಉಳಿಯಿತು. ತಿದ್ದಿಕೊಳ್ಳಲು ದಿನಗಳನ್ನು ಕೊಡಬೇಕೆಂಬ ಇಂದಿನ ಕರಾರುಗಳ ಷರತ್ತಿನ ತಿರುಳು ಆ ಗುಡಿಸಲಿನಲ್ಲಿಯೇ ನಡೆದುಹೋಗಿತ್ತು. ಆದರೆ ತಿದ್ದುಪಡಿಗೆ ಒಂದು ಎಲ್ಲೆಯುಂಟು. ಮಾರಯ್ಯನವರು ಅಕ್ಕಿಯನ್ನು ಬಚ್ಚಿಡಲಿಲ್ಲ, ಕೇಳಿದಾಗ ಹುಸಿ ನುಡಿಯಲಿಲ್ಲ. ವಿಚಾರಿಸುವವರ ಮುಂದೆ ನಿಂತು ಹುಸಿ ನುಡಿದವನ ಮೊದಲ ತಪ್ಪು ಎಷ್ಟೇ ಚಿಕ್ಕದಾಗಿರಲಿ, ಆ ಹುಸಿಯೇ ಬೇರೆಯಾದ ದೊಡ್ಡ ಕಾರಣವಾಗುತ್ತದೆ. ನಂಬಿಕೆಯ ಮೇಲೆ ನಿಂತ ಕಾಯಕಕ್ಕೆ ನಂಬಿಕೆ ಹೋದ ಮೇಲೆ ಬುಡವಿಲ್ಲ.

ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗಾಗಿ ಹೇಳಿದ ಏಳು ನಿಷೇಧಗಳು ಪ್ರತಿಯೊಬ್ಬ ಭಕ್ತನ ಬಾಯಲ್ಲಿವೆ. ಅವುಗಳಲ್ಲಿ ಕಳವೂ ಹುಸಿಯೂ ಅಧಿಕಾರದಲ್ಲಿರುವವನಿಗೆ ಎಚ್ಚರಿಕೆಯೆಂದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಮುನಿಸು, ಅನ್ಯರನ್ನು ಕಂಡು ಅಸಹ್ಯಪಡುವುದು, ತನ್ನನ್ನು ಹೊಗಳಿಕೊಳ್ಳುವುದು, ಇದಿರಿನವನನ್ನು ಹಳಿಯುವುದು—ಇವು ಅವನನ್ನು ಇಳಿಸಲು ಕುಳಿತ ಮಂಡಳಿಗೆ ಸಲ್ಲುವ ಎಚ್ಚರಿಕೆಗಳೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಸಭೆಯಲ್ಲಿ ಎದುರು ಮಾತನಾಡಿದನೆಂಬ ಮುನಿಸು, ತಮ್ಮ ಗುಂಪಿನವನಲ್ಲವೆಂಬ ಅಸಹ್ಯ, ಹಿಂದಿನವನನ್ನು ಹಳಿದು ತಮ್ಮನ್ನು ಮೆರೆಸಿಕೊಳ್ಳುವ ಆಸೆ ಇವು ಠರಾವಿನ ಭಾಷೆಯಲ್ಲಿ ಕರ್ತವ್ಯಲೋಪವೆಂಬ ವೇಷವನ್ನು ತೊಟ್ಟು ಬರುತ್ತವೆ. ಒಂದೇ ಉಪದೇಶವು ಮೇಜಿನ ಎರಡು ಕಡೆ ಕುಳಿತವರನ್ನೂ ಅಳೆಯುತ್ತದೆ.

ಅಳತೆಯು ಮೇಲಿನವನಿಗೂ ಕೆಳಗಿನವನಿಗೂ ಒಂದೇ ಆಗಿರಬೇಕೆಂಬುದನ್ನೂ ಮರೆಯಬಾರದು. ಕಚೇರಿಯ ಕಸ ಗುಡಿಸುವವನು ಹತ್ತು ರೂಪಾಯಿಯ ಲೆಕ್ಕ ತಪ್ಪಿದರೆ ಅಂದೇ ಸಂಜೆ ಹೊರಗೆ ಹೋಗುತ್ತಾನೆ. ಅವನಿಗೆ ತಿಳಿವಳಿಕೆಯ ಪತ್ರವೂ ಇಲ್ಲ, ದಿನಗಳ ಅವಕಾಶವೂ ಇಲ್ಲ. ಮುಖ್ಯಾಧಿಕಾರಿ ತಪ್ಪಿದರೆ ವಕೀಲರು ಕುಳಿತು ಒಂದೊಂದು ಅಕ್ಷರವನ್ನೂ ತೂಗುತ್ತಾರೆ. ಕಾಯಕಗಳಲ್ಲಿ ಮೇಲು ಕೀಳೆಂಬುದಿಲ್ಲವೆಂದು ಅನುಭವಮಂಟಪದಲ್ಲಿ ಎಲ್ಲ ಕಾಯಕದವರನ್ನೂ ಸಮನಾಗಿ ಕೂಡಿಸಿದ ಧರ್ಮಕ್ಕೆ ಇದು ಸಲ್ಲದು. ವಿಚಾರಣೆಯ ಹಕ್ಕು ಇಬ್ಬರಿಗೂ ಸಮ. ಭೇದವಿರಬೇಕಾದರೆ ಅದು ತಿರುಗುಮುರುಗಾಗಿರಬೇಕು. ಹೆಚ್ಚು ಅಧಿಕಾರವನ್ನು, ಹೆಚ್ಚು ಸಂಬಳವನ್ನು, ಹೆಚ್ಚು ನಂಬಿಕೆಯನ್ನು ಪಡೆದವನ ಹೊಣೆಯೇ ಹೆಚ್ಚು.

ಆದುದರಿಂದ ಸಂಸ್ಥೆಗಳನ್ನು ನಡೆಸುವ ಭಕ್ತರು ನೇಮಿಸುವ ದಿನವೇ ಇಳಿಸುವ ಕಾರಣಗಳನ್ನು ತಿಳಿಯಾದ ಮಾತಿನಲ್ಲಿ ಬರೆದು ಎರಡು ಕಡೆಯವರೂ ಓದಿ ಒಪ್ಪುವಂತೆ ಮಾಡುವುದು ಲೇಸು. ಆಪಾದನೆ ಬಂದಾಗ ಅದನ್ನು ಆಪಾದಿತನಿಗೆ ತಿಳಿಸಿ, ಅವನ ಉತ್ತರವನ್ನು ಕೇಳಿ, ಬರಹದ ಸಾಕ್ಷ್ಯವನ್ನು ಕೊನೆಯವರೆಗೂ ಹುಡುಕುವುದು ಅಗತ್ಯ. ಸೋತವನನ್ನು ಕೊಟ್ಟ ಮಾತಿನಂತೆ ಸಲ್ಲಿಸಬೇಕಾದುದನ್ನು ಸಲ್ಲಿಸಿ ಗೌರವದಿಂದ ಕಳುಹಿಸಬೇಕು. ತಪ್ಪಿದವನಿಗೆ ತಿದ್ದಿಕೊಳ್ಳಲು ಅವಕಾಶವನ್ನು ಕೊಡಬೇಕು. ವಂಚಿಸಿದವನನ್ನು ವಂಚಿಸಿದನೆಂದೇ ಬರೆದು ಇಳಿಸಬೇಕು. ಈ ಮೂವರನ್ನು ಒಂದೇ ಹೆಸರಿನಿಂದ ಕರೆಯುವ ಮಂಡಳಿಯು ಮೂವರಿಗೂ ಅನ್ಯಾಯ ಮಾಡುತ್ತದೆ.

ನುಡಿಯಂತೆ ನಡೆಯಬೇಕೆಂಬ ಶರಣರ ಬೋಧೆಯನ್ನು ಕೇಳದ ಭಕ್ತನಿಲ್ಲ. ಒಬ್ಬನನ್ನು ಕಾಯಕದಿಂದ ಇಳಿಸುವ ಗಳಿಗೆಯಲ್ಲಿ ಅದರ ಇನ್ನೊಂದು ಮುಖವನ್ನೂ ನೆನೆಯಬೇಕಾಗುತ್ತದೆ: ನಡೆದುದನ್ನು ನಡೆದಂತೆಯೇ ನುಡಿಯಬೇಕು. ಠರಾವಿನ ಕೆಳಗೆ ರುಜು ಹಾಕುವ ಕೈ ಮುಂಜಾನೆ ಇಷ್ಟಲಿಂಗವನ್ನು ಹಿಡಿದ ಕೈಯೇ ಆಗಿದೆ. ಅಲ್ಲಿ ಬರೆದ ಕಾರಣವು, ಮರುದಿನ ಆ ಕೈ ಮತ್ತೆ ಲಿಂಗವನ್ನು ಹಿಡಿಯಲು ಹಿಂಜರಿಯದಂತಹ ಕಾರಣವಾಗಿರಲಿ.